ಮೂರನೆಯ ಹಗೇವು

ಹೊರ್ತಿ ಊರಿನ ಆಚೆ ದಿಬ್ಬದ ಮೇಲೆ ಕಂಟೇನರ್ ಯಾರ್ಡು ಶುರುವಾದ ಹೊಸದರಲ್ಲಿ, ಬೋರ್ಡಿನ ಮೇಲಿದ್ದ ‘ಒಣ ಬಂದರು’ ಎಂಬ ಅಕ್ಷರ ನೋಡಿ ಬಸ್ಸಿನಿಂದ ಇಳಿದವರು ಗೇಟಿನವನನ್ನು ಸಮುದ್ರ ಯಾವ ಕಡೆ ಎಂದು ಕೇಳುತ್ತಿದ್ದರು. ಅವನು ಬೇಸರವಿಲ್ಲದೆ ನೀರಿನ ಟ್ಯಾಂಕು ತೋರಿಸುತ್ತಿದ್ದ. ಈಗ ಯಾರೂ ಕೇಳುವುದಿಲ್ಲ. ಇಂಡಿ ತಾಲೂಕಿನ ಲಿಂಬೆ, ಸುತ್ತಿನ ಒಣದ್ರಾಕ್ಷಿ, ದಾಳಿಂಬೆ ಎಲ್ಲ ಇಲ್ಲಿಯೇ ತಣ್ಣನೆಯ ಕಂಟೇನರುಗಳಲ್ಲಿ ತುಂಬಿ, ಇಲ್ಲಿಯೇ ಸೀಲು ಹಾಕಿಸಿಕೊಂಡು ಮುಂಬೈಯ ಹಡಗಿಗೆ ಹೋಗುತ್ತವೆ ಎಂಬುದು ಊರಿಗೆ ತಿಳಿದಿದೆ.

ಯಾರ್ಡಿನಲ್ಲಿ ಕಂಟೇನರು ನೋಡಿಕೊಳ್ಳಲು ಬಹಳ ಮಂದಿ ಇದ್ದರು. ನೆಲ ನೋಡಿಕೊಳ್ಳಲು ಇದ್ದವಳು ಸುನೀತಾ ಒಬ್ಬಳೇ. ನಿಡಗುಂದಿಯ ಕಡೆಯವಳು, ವಯಸ್ಸು ಮೂವತ್ತೊಂದು. ಕೆಲಸಗಾರರು ಅವಳನ್ನು ‘ನೆಲದ ಮೇಡಂ’ ಎಂದು ಕರೆಯುತ್ತಿದ್ದರು. ಅವರ ಬಾಯಲ್ಲಿ ‘ಆನಿ’ ಎಂದಾಗಿದ್ದ, ಕಂಟೇನರು ಎತ್ತುವ ಯಂತ್ರ, ತುಂಬಿದ ಕಂಟೇನರನ್ನು ಮುಂದೆ ಹಿಡಿದು ನಡೆದರೆ ನೂರು ಟನ್ನಿನ ಹತ್ತಿರ ತೂಗುತ್ತದೆ. ಆ ಭಾರವೆಲ್ಲ ಮುಂದಿನ ನಾಲ್ಕು ಗಾಲಿಗಳ ಮೇಲೆ. ಅದನ್ನು ಹೊರುವ ನೆಲಕ್ಕೆ ಕಾಂಕ್ರೀಟಿನ ಒಂದೇ ಹಾಸು ಬೇಡ, ಒಂದಕ್ಕೊಂದು ಹೆಣೆದು ಕೂಡಿಸುವ ದಪ್ಪ ಬ್ಲಾಕು ಸಾಕು ಎಂದು ವಾದಿಸಿ ಒಪ್ಪಿಸಿದವಳು ಅವಳು. ಬ್ಲಾಕಿನ ಕೆಳಗೆ ಮರಳು, ಅದರ ಕೆಳಗೆ ಹಾರುಬೂದಿ ಮತ್ತು ಒಡೆದ ಹಳೆ ಕಾಂಕ್ರೀಟು ಕೂಡಿಸಿ ಗಟ್ಟಿ ಮಾಡಿದ ತಳ, ಅದರ ಕೆಳಗೆ ದಿಬ್ಬದ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಕಾಂಕ್ರೀಟು ಕೆಟ್ಟರೆ ಒಡೆದು ಎಸೆಯಬೇಕು. ಬ್ಲಾಕಿನ ನೆಲ ಕೆಟ್ಟರೆ ಕೆಟ್ಟಷ್ಟನ್ನೇ ಎತ್ತಿ, ತಳ ಸರಿ ಮಾಡಿ, ಅದೇ ಬ್ಲಾಕುಗಳನ್ನು ಮತ್ತೆ ಕೂಡಿಸಬಹುದು. ಈ ಒಂದು ಮಾತನ್ನು ಅವಳು ಎರಡು ವರ್ಷ ಎಷ್ಟು ಸಭೆಗಳಲ್ಲಿ ಹೇಳಿದ್ದಳೋ ಲೆಕ್ಕವಿಲ್ಲ.

ಆ ನೆಲವನ್ನು ಕೈಯಾರೆ ಹಾಸಿದವರು ಗೌಂಡಿ ಅಮೋಘಸಿದ್ಧ ಮತ್ತು ಅವನ ಹದಿನಾಲ್ಕು ಜನರ ಗ್ಯಾಂಗು. ಐವತ್ತರ ಮನುಷ್ಯ. ದಾರ ಹಿಡಿಯದೆಯೂ ಅವನ ಸಾಲು ಸೊಟ್ಟಾಗುತ್ತಿರಲಿಲ್ಲ, ಆದರೆ ದಾರ ಹಿಡಿಯದೆ ಅವನು ಒಂದು ಬ್ಲಾಕನ್ನೂ ಇಟ್ಟವನಲ್ಲ.

ಸೋಮವಾರ ನೆಲದ ಏಳನೆಯ ಅಂಕಣದಲ್ಲಿ ಅಳತೆ ಹಿಡಿದಾಗ ತಗ್ಗು ಮೂವತ್ತೊಂದು ಮಿಲಿಮೀಟರ್ ಬಂತು. ಹಿಂದಿನ ವಾರ ಇಪ್ಪತ್ತೆರಡಿತ್ತು. ಸುನೀತಾ ಮೂರು ಸಲ ಅಳೆದಳು. ಆಮೇಲೆ ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಗಾಲಿಯಿಂದ ಬೀಳುವ ತಗ್ಗು ಗಾಲಿಯ ದಾರಿಯಂತೆ ಉದ್ದಕ್ಕೆ ಇರುತ್ತದೆ. ಕರಿಯ ಎರಿಮಣ್ಣು ಉಬ್ಬಿ ಇಳಿದರೆ ನೆಲ ಅಲೆಯಂತಾಗುತ್ತದೆ. ಇದು ಗುಂಡಗೆ, ಊಟದ ಗಂಗಾಳದ ಹಾಗೆ ಇತ್ತು. ಇನ್ನೊಂದು ವಿಚಿತ್ರವೆಂದರೆ, ಹಿಂದಿನ ದಿನ ಹದವಾದ ಮಳೆಯಾಗಿದ್ದರೂ ಆ ಗಂಗಾಳದಲ್ಲಿ ಒಂದು ಬೊಗಸೆ ನೀರೂ ನಿಂತಿರಲಿಲ್ಲ.

“ಅಮೋಘಣ್ಣಾ, ನೀರು ಎಲ್ಲಿ ಹೋತು?”

“ಕುಡದೈತ್ರಿ,” ಎಂದ ಅವನು. “ನೆಲಕ್ಕ ನೀರಡಿಕಿ ಆಗೈತಿ. ಎತ್ತಿ ನೋಡೂನ್ರಿ.”

ಬ್ಲಾಕುಗಳಿಗೆ ಸೀಮೆಸುಣ್ಣದಲ್ಲಿ ಅಂಕಿ ಹಾಕಿ ಒಂದೊಂದಾಗಿ ಎತ್ತಿಟ್ಟರು. ಮರಳು ಸರಿಸಿದರೆ ತಳ ಉಂಗುರದ ಹಾಗೆ ದುಂಡಗೆ ಸೀಳಿತ್ತು. ಅಮೋಘಸಿದ್ಧ ಸೀಳಿನಲ್ಲಿ ಹಾರೆ ಇಟ್ಟು ಒತ್ತಿದ. ಹಾರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇನ್ನೊಂದು ಉದ್ದನೆಯ ಸರಳು ತಂದು ಹಾಕಿದರು. ಒಂಬತ್ತು ಅಡಿಗೆ ಹೋಗಿ ನಿಂತಿತು.

ಅಮೋಘಸಿದ್ಧ ಸರಳು ಹೊರಗೆಳೆದು, ತುದಿಗಂಟಿದ ಸಡಿಲು ಮಣ್ಣನ್ನು ಮೂಗಿನ ಹತ್ತಿರ ಹಿಡಿದ. “ಹಗೇವು ಇದ್ದಂಗ ಐತ್ರಿ ಮೇಡಂ.”

ಸುನೀತಾ ಹಗೇವನ್ನು ಕಂಡವಳಲ್ಲ, ಕೇಳಿದ್ದಳು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಕಣಿಕೆ ಹುಲ್ಲು, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ಎರಿಹೊಲದಲ್ಲಿ ತೇವ ಹಿಡಿಯುತ್ತದೆಂದು ಅದನ್ನು ಗಟ್ಟಿ ಗರಸಿನ ದಿಬ್ಬದಲ್ಲಿಯೇ ತೋಡುತ್ತಿದ್ದರು. ಅವಳಿಗೆ ಒಳಗೊಳಗೇ ನಗು ಬಂತು. ಈ ದಿಬ್ಬ ಗಟ್ಟಿ ಎಂದು ತಾನು ಹದಿನೆಂಟು ಕಡೆ ಮಣ್ಣು ಪರೀಕ್ಷೆ ಮಾಡಿಸಿ ಆರಿಸಿದ್ದಳು. ಯಾರೋ ನೂರು ವರ್ಷದ ಹಿಂದೆ ಅದೇ ಕಾರಣಕ್ಕೆ ಅದನ್ನೇ ಆರಿಸಿದ್ದರು. ಮೂವತ್ತು ಮೀಟರಿಗೊಂದು ಕೊರೆದ ಅವಳ ರಂಧ್ರಗಳ ನಡುವೆ ಅವರ ಹಗೇವು ಸುಮ್ಮನೆ ಮಲಗಿತ್ತು.

ಮ್ಯಾನೇಜರ್ ತಬ್ರೇಜ ನಗಲಿಲ್ಲ. ಮುದ್ದೇಬಿಹಾಳದವನು, ಸಿಟ್ಟಿನ ಮನುಷ್ಯನಲ್ಲ, ಆದರೆ ದೊಡ್ಡ ಕಚೇರಿಯ ಫೋನು ಮೊದಲು ಮುಟ್ಟುವುದು ಅವನಿಗೆ. ಮಂಗಳವಾರ ಅವನು ಸುನೀತಾಳನ್ನು ಕರೆದು ಬಾಗಿಲು ಮುಚ್ಚಿದ.

“ಹಗೇವು ಅಂದ್ರ ಅವ್ರಿಗೆ ತಿಳಿಯಂಗಿಲ್ಲ, ಮೇಡಂ. ತಳದಾಗ ಸಡಿಲ ಮಣ್ಣು ಐತಿ ಅಂದ್ರ ಗೌಂಡಿ ತಗ್ಗು ಮುಚ್ಚಿ ಮ್ಯಾಲ ಬ್ಲಾಕ ಹಾಕ್ಯಾನ ಅಂತಾರ. ನಾ ಊರಾಗ ನಾಕು ಮಂದೀನ ಕೇಳೇನಿ. ದಿಬ್ಬದಾಗ ಹಗೇವು ಇದ್ದದ್ದು ಯಾರಿಗೂ ಗೊತ್ತಿಲ್ಲ.”

ಅವನು ವರದಿಯ ನಮೂನೆಯನ್ನು ಮುಂದೆ ಸರಿಸಿದ. ‘ಕಾರಣ’ ಎಂಬಲ್ಲಿ ಎರಡೇ ಮನೆ: ಸಾಮಗ್ರಿಯ ದೋಷ, ಕೆಲಸದ ದೋಷ.

“ಸಾಮಗ್ರಿ ಅಂತ ಬರದ್ರ ಹಾರುಬೂದಿ ಕೆಟ್ಟದ್ದು ಅಂತ ಇಡೀ ಯಾರ್ಡು ಕಿತ್ತು ಕಾಂಕ್ರೀಟ್ ಹಾಕ್ತಾರ. ಕೆಲಸ ಅಂತ ಬರದ್ರ...” ಅವನು ಕಿಟಕಿಯ ಕಡೆ ನೋಡಿದ. “ಒಂದು ಗ್ಯಾಂಗ್ ಹೊರಗ ಹೋಗ್ತದ. ಮುಂದ ಎಲ್ಲೂ ತಗೊಳ್ಳೂದಿಲ್ಲ ಅವರನ್ನ. ನನಗೂ ಮನಸಿಲ್ಲ. ಶನಿವಾರ ಮಧ್ಯಾಹ್ನದ ಮಟ ನಿಮಗ ಟೈಮ್ ಐತಿ.”

“ಮತ್ತ ಇರೂದು ಒಂದ ಹಗೇವು ಅಂತ ಹ್ಯಾಂಗ ಹೇಳ್ತೀರಿ?” ಎಂದು ಅವನೇ ಮತ್ತೆ ಕೇಳಿದ. “ಇನ್ನೊಂದರ ಮ್ಯಾಲ ಆನಿ ಹೋತಂದ್ರ? ಅದರಾಗ ಒಬ್ಬ ಮನಶ್ಯಾ ಕುಂತಿರ್ತಾನ.”

ಅದು ಸರಿಯಾದ ಮಾತಾಗಿತ್ತು. ಸುನೀತಾ ನಮೂನೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಎರಡನೆಯ ಮನೆಯಲ್ಲಿ ಒಂದು ಗುರುತು ಹಾಕಿದರೆ ತನ್ನ ನೆಲ ಉಳಿಯುತ್ತದೆ ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಎಷ್ಟು ಸುಲಭ ಎಂಬುದೂ ತಿಳಿದಿತ್ತು.

ದಿಬ್ಬ ಮೊದಲು ಬಸಂತರಾಯ ಗೌಡರದಾಗಿತ್ತು. ಬುಧವಾರ ಅವಳು ಅವರ ಮನೆಗೆ ಹೋದಳು. ಎಪ್ಪತ್ತು ದಾಟಿದ ಗೌಡರು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡಿಸಿದರು, ಅವಳ ಊರು, ಮನೆತನ ಕೇಳಿದರು. ಹಗೇವಿನ ಮಾತು ಬಂದಾಗ ಕಪ್ಪನ್ನು ಬಸಿಯಲ್ಲಿ ಸರಿಯಾಗಿ ಇಡಲು ಸ್ವಲ್ಪ ಹೊತ್ತು ಮಾಡಿದರು.

“ಇಲ್ಲವಾ ತಂಗಿ. ಅಲ್ಲಿ ಏನೂ ಇದ್ದಿಲ್ಲ. ಬರೇ ಗರಸು.”

ಅವರು ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ ಎಂದು ಸುನೀತಾಳಿಗೆ ಅನ್ನಿಸಿತು. ಒತ್ತಾಯ ಮಾಡದೆ ಎದ್ದು ಬಂದಳು.

“ನಮ್ಮವ್ವಗ ಕೇಳ್ರಿ,” ಎಂದ ಅಮೋಘಸಿದ್ಧ ಆ ಸಂಜೆ. “ಸಣ್ಣಾಕಿ ಇದ್ದಾಗ ಹಗೇದಾಗ ಇಳೀತಿದ್ಲಂತ. ಯಾರ ಹಗೇವು, ಎಲ್ಲಿ ಅಂದ್ರ ಮಾತ್ರ ಇಷ್ಟ ವರ್ಷದಾಗ ತುಟಿ ಪಿಟಕ್ ಅಂದಿಲ್ಲ.”

ಅವನ ತಾಯಿ ಹುಚ್ಚವ್ವ ಅಂಗಳದಲ್ಲಿ ಕಾಲು ಚಾಚಿ ಕುಳಿತು ಕುರಿಯ ಉಣ್ಣೆ ಹಿಂಜುತ್ತಿದ್ದಳು. ಸುನೀತಾಳನ್ನು ತಲೆಯಿಂದ ಕಾಲಿನ ತನಕ ನೋಡಿದಳು.

“ನೆಲದ ಮೇಡಂ ಅಂದ್ರ ನೀನ ಏನವಾ? ನೆಲಕ್ಕ ಡಾಕ್ಟರು?”

“ಹಂಗ ಅನ್ಕೋರಿ, ಆಯೀ.”

“ನಾಡಿ ಸಿಕ್ತೇನು?”

“ಸಿಕ್ಕೈತಿ. ರೋಗ ನಿಮಗ ಗೊತ್ತೈತಿ ಅಂತಾರ.”

ಮುದುಕಿಗೆ ಆ ಮಾತು ಹಿಡಿಸಿತು. ಉಣ್ಣೆ ಬದಿಗಿಟ್ಟಳು. ಹಗೇವಿನಲ್ಲಿ ಇಳಿಯುವುದು ಹೇಗೆಂಬುದನ್ನು ಮಾತ್ರ ಬೇಕಾದಷ್ಟು ಹೇಳಿದಳು. ಬಾಯಿ ಸಣ್ಣದಿದ್ದುದರಿಂದ ಸಣಕಲು ಹುಡುಗಿಯರೇ ಬೇಕಾಗುತ್ತಿದ್ದರು. ಹಾಸುಗಲ್ಲು ತೆಗೆದು ಒಂದು ದಿನ ಹಾಗೇ ಬಿಡುತ್ತಿದ್ದರು. “ಮರುದಿನ ಹಗ್ಗಕ್ಕ ದೀಪ ಕಟ್ಟಿ ಇಳಿಬಿಡ್ತಿದ್ರು. ದೀಪ ಆರಿದ್ರ ಇನ್ನೊಂದು ದಿನ ತಡೀತಿದ್ರು. ಉಳಿದ್ರ ನನ್ನ ಪಾಳಿ.”

ಸುನೀತಾಳಿಗೆ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಕಾಳು ಉಸಿರಾಡುತ್ತದೆ, ಬಿಟ್ಟ ಗಾಳಿ ಭಾರ, ತಳದಲ್ಲಿ ಕೂಡುತ್ತದೆ. ದೀಪಕ್ಕೆ ಸಾಲದ ಗಾಳಿ ಮನುಷ್ಯನಿಗೂ ಸಾಲದು. ಹತ್ತು ವರ್ಷದ ಹುಡುಗಿಯೊಬ್ಬಳು ದೀಪದ ಹಿಂದೆ ಇಳಿಯುವುದು ಅವಳ ಕಣ್ಣಿಗೆ ಕಟ್ಟಿತು.

“ಅಂಜಿಕಿ ಬರ್ತಿರಲಿಲ್ಲೇನು, ಆಯೀ?”

“ಬರ್ತಿತ್ತು. ಆದ್ರ ಒಳಗ ಬೆಚ್ಚಗ ಇರ್ತಿತ್ತು.”

“ಎಲ್ಲಿ ಇದ್ವು ಅವು?”

ಹುಚ್ಚವ್ವ ಮತ್ತೆ ಉಣ್ಣೆ ಕೈಗೆತ್ತಿಕೊಂಡಳು. “ಅದನ್ನ ಕೇಳಬ್ಯಾಡ. ಬೀರಪ್ಪ ದೇವರ ಅರಿಶಿಣ ಭಂಡಾರ ಮುಟ್ಟಿ ಭಾಷಿ ಕೊಟ್ಟೇನಿ, ಆ ಮನಿ ಹಿರ್ಯಾಗ. ಕಳ್ಳಕಾಕರ ಕಾಲ ಅದು. ಹಗೇವು ಎಲ್ಲಿ ಐತಿ ಅಂತ ಹೊರಗ ಬಿತ್ತಂದ್ರ ಆ ಮನಿ ಅನ್ನ ಹೋದಂಗ.”

“ಅವ್ವಾ, ಈಗ ಅದರಾಗ ಜೋಳ ಎಲ್ಲೈತಿ?” ಅಮೋಘಸಿದ್ಧನ ಧ್ವನಿ ಏರಿತು. “ತಗ್ಗು ಮುಚ್ಚಿಟ್ಟ ಕಳ್ಳ ಅಂತ ನನಗ ಅನ್ನಾಕತ್ತಾರ. ಹದಿನಾಕು ಮಂದಿ ಹೊಟ್ಟಿ ಮ್ಯಾಲ ಕಲ್ಲು ಬೀಳ್ತೈತಿ.”

ಮುದುಕಿಯ ಕೈ ನಿಂತಿತು. ಮಗನನ್ನು ನೋಡಿದಳು, ನೋಡಿ ಕಣ್ಣು ತುಂಬಿಕೊಂಡಳು, ಆದರೆ ಮಾತು ಬದಲಾಗಲಿಲ್ಲ. “ಜೋಳ ಹೋತು, ಭಾಷಿ ಹೋಗಿಲ್ಲಪಾ. ಆ ಮನಿಯವರು ಬಂದು ಬಾಯಿಬಿಟ್ಟು ಹೇಳು ಅನ್ನಲಿ. ನಿಂತ ಕಾಲಮ್ಯಾಲ ಬಂದು ತೋರಸ್ತೇನಿ.”

ಹೊರಗೆ ಬಂದ ಮೇಲೆ ಅಮೋಘಸಿದ್ಧ ಚಪ್ಪಲಿಯಲ್ಲಿ ನೆಲ ಕೆರೆಯುತ್ತ ನಿಂತ. “ನಮ್ಮವ್ವ ಹಿಂಗರಿ. ಸಿಟ್ಟಾಗಬ್ಯಾಡ್ರಿ.” ಸುನೀತಾಳಿಗೆ ಸಿಟ್ಟು ಬಂದಿರಲಿಲ್ಲ. ತನ್ನ ಚೀಲದಲ್ಲಿ ಮಡಚಿಟ್ಟ ನಮೂನೆ ನೆನಪಾಗಿ ನಾಚಿಕೆಯಾಗಿತ್ತು.

ಗುರುವಾರ ಅವಳು ಮತ್ತೆ ಗೌಡರ ಪಡಸಾಲೆಯಲ್ಲಿ ಕುಳಿತಳು. ಈ ಸಲ ಏನೂ ಕೇಳಲಿಲ್ಲ.

“ಹುಚ್ಚವ್ವ ನಿಮ್ಮ ತಂದಿಯವರಿಗೆ ಕೊಟ್ಟ ಭಾಷಿ ಇನ್ನೂ ಬಿಟ್ಟಿಲ್ಲರಿ, ಗೌಡ್ರ. ನಿಮ್ಮ ಮನಿ ಹೆಸರೂ ಎತ್ತಲಿಲ್ಲ. ಆಕಿ ಮಗನ ಹೆಸರು ಹಾಳಾಗಾಕತ್ತೈತಿ, ಕಣ್ಣೀರು ತಂದ್ಲು, ಆದ್ರೂ ಬಿಟ್ಟಿಲ್ಲ. ಇಷ್ಟ ಹೇಳಿ ಹೋಗೂನು ಅಂತ ಬಂದೆ.”

ಒಳಗೆ ಕುಕ್ಕರು ಎರಡು ಸಲ ಕೂಗಿತು.

“ಸರ್ವೇದವರು ಬಂದಿದ್ರು,” ಎಂದರು ಗೌಡರು ಕೊನೆಗೆ. “ಹೊಲದಾಗ ಬಾವಿ ಐತೇನು, ಹೊಂಡ ಐತೇನು, ಗುಡಿ, ಗೋರಿ ಐತೇನು ಅಂತ ಒಂದೊಂದ ಕೇಳಿ ಬರಕೊಂಡ್ರು. ಇಲ್ಲ, ಇಲ್ಲ ಅಂದೆ. ಹಗೇವು ಐತೇನು ಅಂತ ಯಾರೂ ಕೇಳಲಿಲ್ಲ. ನಾನಾಗಿ ಹೇಳೂ ಮಾತಲ್ಲ ಅದು. ನಮ್ಮಪ್ಪ ಸಾಯೂ ಮುಂದ ನನ್ನ ಒಬ್ಬನ್ನ ಕರದು ಕಿವ್ಯಾಗ ಹೇಳಿದ್ದು. ನಾ ಅದನ್ನ ನನ್ನ ಹೇಣ್ತಿಗೂ ಹೇಳಿಲ್ಲ.” ಅವರು ಧೋತರದ ಚುಂಗು ಸರಿಪಡಿಸಿಕೊಂಡರು. “ಬುಲ್ಡೋಜರ್ ಬಂದಾಗ ಒಮ್ಮೆ ಹೇಳಬೇಕಂತ ಹೋಗಿದ್ದೆ. ಗೇಟಿನ ತನಕ ಹೋಗಿ ಬಂದೆ. ಈಗ ಹೇಳಿದ್ರ ಮುದುಕ ಮುಚ್ಚಿಟ್ಟು ಮೋಸ ಮಾಡ್ಯಾನ ಅಂತ ಬರೀತಾರ.”

“ಬರಿಯಾಕಿ ನಾನ ಅದೇನ್ರಿ. ನಾ ಬರದದ್ರಾಗ ಮೋಸ ಅನ್ನೂ ಶಬ್ದ ಇರಂಗಿಲ್ಲ.”

“ಮೂರು ಅದಾವ,” ಎಂದರು ಗೌಡರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಏಳನೆಯ ಅಂಕಣದ ಸುತ್ತ ಕೆಲಸ ನಿಲ್ಲಿಸಿದರು. ಬೇಲಿಯ ಹೊರಗೆ ದಿಬ್ಬದ ಹಳೆಯ ಬನ್ನಿಗಿಡ ಇನ್ನೂ ಇತ್ತು. ಗೌಡರು ತಲೆಗೆ ರುಮಾಲು ಸುತ್ತಿ, ಗಿಡಕ್ಕೆ ಬೆನ್ನು ಹಚ್ಚಿ ನಿಂತು, ಪಕ್ಕದ ಸಣ್ಣ ಗೇಟಿನಿಂದ ನೇರ ಒಳಬಂದು, ತುಟಿಯಲ್ಲೇ ಎಣಿಸುತ್ತ ನಡೆದರು. ಹದಿನೆಂಟು ಹೆಜ್ಜೆಗೆ ತಗ್ಗಿನ ಅಂಚಿನಲ್ಲಿ ನಿಂತರು. ಅಲ್ಲಿಂದ ಬಲಕ್ಕೆ ಹನ್ನೊಂದು ಹೆಜ್ಜೆ. ಗ್ಯಾಂಗಿನವರು ಬ್ಲಾಕು ಎತ್ತಿ ತಳ ಕೊರೆದು ಸರಳು ಹಾಕಿದಾಗ ಮೊದಲು ಗರಸು, ಆಮೇಲೆ ಸಡಿಲು. ಎರಡನೆಯದು ಸಿಕ್ಕಿತು. ತಬ್ರೇಜ ಫೋನಿನಲ್ಲಿ ಚಿತ್ರ ಹಿಡಿದುಕೊಂಡ, ಆದರೆ ಮುಖ ಸಡಿಲಾಗಲಿಲ್ಲ. ಇದನ್ನೂ ಗೌಂಡಿಯೇ ಮುಚ್ಚಿದ್ದಾನೆ ಅನ್ನಬಹುದಲ್ಲ.

ಮೂರನೆಯದು ದೂರವಿತ್ತು. ಗೌಡರು ಎರಡನೆಯದರಿಂದ ಅದೇ ಸಾಲಿನಲ್ಲಿ ಮುಂದೆ ಅರವತ್ತು ಹೆಜ್ಜೆ ಎಣಿಸಿ ನಿಂತಲ್ಲಿ ಎತ್ತಿ ನೋಡಿದರೆ ಬರೀ ಗರಸು, ಹಾರೆ ಹಾಕಿದರೆ ಕಿಡಿ ಬರುವಂಥದ್ದು. ಒಂದು ಗಜ ಆಚೆ, ಒಂದು ಗಜ ಈಚೆ, ಅಲ್ಲಿಯೂ ಅದೇ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಗೌಡರ ಹಣೆಯಲ್ಲಿ ಬೆವರು ಕಟ್ಟಿತು. “ಅರವತ್ತ ಅಂದಿದ್ದ ಅಪ್ಪ,” ಎಂದು ತಮಗೆ ತಾವೇ ಹೇಳಿಕೊಂಡರು.

ಹುಚ್ಚವ್ವ ಬೆಳಿಗ್ಗೆಯಿಂದ ಕಂಟೇನರಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಳು, ಸೆರಗು ಬಾಯಿಗೆ ಹಿಡಿದು, ಒಂದು ಮಾತಿಲ್ಲದೆ. ಸುನೀತಾ ಅವಳನ್ನು ನೋಡಿದಳು. ಆಮೇಲೆ ಗೌಡರನ್ನು ನೋಡಿದಳು. ತಾನು ಹೇಳುವ ಮಾತಲ್ಲ ಇದು ಎಂದು ಸುಮ್ಮನಿದ್ದಳು.

ಗೌಡರು ನಿಧಾನವಾಗಿ ಕುರ್ಚಿಯ ಹತ್ತಿರ ಬಂದರು. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಅರಿಶಿನದ ಭಂಡಾರ. ಬರುವಾಗಲೇ ತಂದಿದ್ದರು, ಕೊಡುವ ಧೈರ್ಯ ಈಗ ಬಂದಿತ್ತು.

“ಹುಚ್ಚವ್ವಾ, ನಮ್ಮಪ್ಪ ನಿನ್ನ ಕಡಿಂದ ತಗೊಂಡ ಭಾಷಿ ನಾ ತಿರುಗಿ ಕೊಡಾಕತ್ತೇನಿ. ಇನ್ನ ನಿನ್ನ ಮ್ಯಾಲ ಏನೂ ಇಲ್ಲ. ತೋರಸವಾ.”

ಮುದುಕಿ ಅಂಗೈ ಒಡ್ಡಿದಳು. ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಎದ್ದಳು. ಎದ್ದವಳೇ ಬಾಯಿಬಿಟ್ಟಳು.

“ಗೌಡ್ರ, ನೀವು ಸಂಜೀತನ ನಡದ್ರೂ ಸಿಗಂಗಿಲ್ಲ. ನಿಮ್ಮಪ್ಪ ಉದ್ದ ಕಾಲಿನ ಒಂಟಿ ನಡದಂಗ ನಡೀತಿದ್ದ. ನಿಮ್ಮ ಹೆಜ್ಜಿ ಅದರಾಗ ಮುಕ್ಕಾಲು.”

ಗ್ಯಾಂಗಿನವರು ಮುಖ ತಿರುಗಿಸಿ ನಕ್ಕರು. ಸುನೀತಾ ನಗುತ್ತಲೇ ಲೆಕ್ಕ ಹಾಕಿದಳು. ತಪ್ಪು ಹೆಜ್ಜೆ ಹೆಜ್ಜೆಗೆ ಕೂಡುತ್ತ ಹೋಗುತ್ತದೆ. ಹನ್ನೊಂದರಲ್ಲಿ ಕಾಣದ್ದು ಅರವತ್ತಕ್ಕೆ ಹತ್ತು ಮೀಟರಾದರೂ ಆಗಬಹುದು. “ಎರಡನೇದು ನೀವು ಅಂದ ಕಡೆ ಹ್ಯಾಂಗ ಸಿಕ್ತು ಹಂಗಾರ?” ಎಂದು ತಬ್ರೇಜ ಕೇಳಿದ. “ಅದರ ಹೊಟ್ಟಿ ದೊಡ್ಡದು ಸಾಹೇಬ್ರ,” ಎಂದಳು ಹುಚ್ಚವ್ವ, “ಎಲ್ಲಿ ಚುಚ್ಚಿದ್ರೂ ಸಿಗ್ತೈತಿ.”

ಅವಳು ಹೆಜ್ಜೆ ಎಣಿಸಲಿಲ್ಲ. ಗೌಡರು ನಡೆದ ಸಾಲನ್ನೇ ಹಿಡಿದು ಮುಂದೆ ನಡೆದು, ತಿರುಗಿ ಊರಿನ ಕಡೆ ಕೈ ಅಡ್ಡ ಹಿಡಿದು ನೋಡಿದಳು. “ಹಗೇದಿಂದ ತಲಿ ಹೊರಗ ಹಾಕಿದ್ನೆಪಾ ಅಂದ್ರ ಬನ್ನಿಗಿಡದ ಬಗಲಿಗೆ ಊರ ಅಗಸಿಬಾಗಲ ಕಾಣತಿತ್ತು. ಗಿಡಕ್ಕ ಹತ್ತಿದಂಗ. ಒಳಗಿನ ಕತ್ತಲದಾಗಿಂದ ಬಂದ ಕಣ್ಣಿಗೆ ಮೊದಲ ಕಾಣೂದು ಅದ. ಈ ಡಬ್ಬಿ ಅಡ್ಡ ಅದಾವಲ್ಲ.”

ಡಬ್ಬಿ ಎಂದರೆ ಒಂದರ ಮೇಲೊಂದು ಇಟ್ಟ ನಾಲ್ಕು ಕಂಟೇನರು. ಎಲ್ಲರೂ ತಬ್ರೇಜನ ಕಡೆ ನೋಡಿದರು. ಅವನು ಗಡಿಯಾರ ನೋಡಿಕೊಂಡ. ಆಮೇಲೆ ಆನೆಯ ಚಾಲಕನಿಗೆ ಕೈ ಮಾಡಿದ. “ಸರಸಪಾ. ಆಕಡಿ ದಾರೀಲೆ ಬಾ, ಈಕಡಿ ಗಾಲಿ ಇಡಬ್ಯಾಡ.” ಎಪ್ಪತ್ತರ ಮುದುಕಿಯೊಬ್ಬಳಿಗೆ ಊರ ಅಗಸಿ ಕಾಣಲೆಂದು ನೂರು ಟನ್ನಿನ ಯಂತ್ರ ನಾಲ್ಕು ಸಲ ಹೋಗಿ ಬಂತು.

ಕಂಟೇನರು ಸರಿದಂತೆ ಬೇಲಿ, ಬನ್ನಿಗಿಡ, ಅದರಾಚೆ ಅಗಸಿಯ ಕಲ್ಲುಗಂಬ ಕಂಡವು. ಹುಚ್ಚವ್ವ ಸಾಲಿನ ಮೇಲೆಯೇ ಒಂದೊಂದು ಅಡಿ ಮುಂದೆ ಸರಿದಳು. ಕಂಬ ಗಿಡದ ಕಾಂಡಕ್ಕೆ ಮುಟ್ಟಿತು. ಅವಳು ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತು, ತಲೆಯನ್ನು ಹುಡುಗಿಯ ತಲೆ ಇದ್ದಷ್ಟು ಎತ್ತರಕ್ಕೆ ತಂದು ಇನ್ನೊಮ್ಮೆ ನೋಡಿದಳು. ಬ್ಲಾಕಿನ ಮೇಲೆ ಅಂಗೈ ಬಡಿದಳು.

“ಇಲ್ಲೆ.”

ಎರಡು ಗೆರೆ ಕೂಡುವಲ್ಲಿ ಒಂದು ಬಿಂದು. ತಾನು ನಾಲ್ಕು ವರ್ಷ ಕಲಿತದ್ದೂ ಅದೇ ಎಂದುಕೊಂಡಳು ಸುನೀತಾ.

ಅಮೋಘಸಿದ್ಧ ತಾನೇ ಬ್ಲಾಕು ಎತ್ತಿದ. ಈ ಕಡೆ ದಿಬ್ಬವನ್ನು ಕಡಿಯದೆ ಮೇಲೆ ಗರಸು ತುಂಬಿದ್ದರಿಂದ ಹಗೇವಿನ ಬಾಯಿ ಹಾಗೇ ಉಳಿದಿತ್ತು. ಮೂರಡಿ ಕೆಳಗೆ ಹಾರೆ ಕಲ್ಲಿಗೆ ತಾಗಿ ಟಣ್ ಎಂದಿತು. ಹಾಸುಗಲ್ಲು, ಅಂಚಿಗೆ ಬೂದಿ-ಸಗಣಿ ಮೆತ್ತಿದ್ದು ಕಲ್ಲಿನಷ್ಟೇ ಗಟ್ಟಿಯಾಗಿತ್ತು. ಅದನ್ನು ಬಿಡಿಸಿ ಕಲ್ಲು ಸರಿಸಿದಾಗ ಹಳೆಯ ಹುಲ್ಲಿನ ಮುಗ್ಗು ವಾಸನೆ ಮೇಲೆ ಬಂತು. ಗ್ಯಾಂಗಿನ ಒಬ್ಬ ಬಗ್ಗಿ ನೋಡಲು ಹೋದ. ಹುಚ್ಚವ್ವ ಅವನ ಅಂಗಿ ಹಿಡಿದು ಹಿಂದೆ ಎಳೆದಳು.

“ಮೊದಲ ದೀಪ.”

ಚಹಾದಂಗಡಿಯಿಂದ ಕಂದೀಲು ತಂದು ದಾರದಲ್ಲಿ ಇಳಿಬಿಟ್ಟರು. ಹಳದಿ ಬೆಳಕು ಗೋಡೆಗಂಟಿದ ಕಣಿಕೆಯನ್ನು ತೋರಿಸುತ್ತ ಇಳಿಯಿತು. ಆರು ಅಡಿಗೆ ಜ್ವಾಲೆ ಸಣ್ಣದಾಯಿತು. ಏಳಕ್ಕೆ ಸದ್ದಿಲ್ಲದೆ ಆರಿತು. ಐವತ್ತು ವರ್ಷ ಮುಚ್ಚಿಟ್ಟ ಗಾಳಿಯ ಮುಂದೆ ತಬ್ರೇಜ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅಮೋಘಸಿದ್ಧನ ಕಡೆ ತಿರುಗಿದ.

“ಗೌಂಡಿ, ಮನಸಿಗೆ ಹಚ್ಕೋಬ್ಯಾಡ್ರಿ.”

“ಹಚ್ಕೊಂಡಿದ್ದೆ ಸಾಹೇಬ್ರ,” ಎಂದ ಅವನು. “ಈಗ ಇಳೀತು.”

ಸುನೀತಾ ನಮೂನೆಯ ಎರಡೂ ಮನೆಗಳನ್ನು ಹೊಡೆದುಹಾಕಿ ಕೆಳಗೆ ಬರೆದಳು: ಹಳೆಯ ಹಗೇವುಗಳು, ಮೂರು. ತಳ ಗಟ್ಟಿಯಿದೆ, ಕೆಲಸ ಸರಿಯಿದೆ. ನೆಲದ ಮಾಹಿತಿ ಕೇಳುವ ಪಟ್ಟಿಯಲ್ಲಿ ಹಗೇವು ಇರಲಿಲ್ಲ, ಆ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು. ಮಧ್ಯಾಹ್ನ ಹನ್ನೆರಡೂವರೆಗೆ ತಬ್ರೇಜ ಅದನ್ನು ಓದಿ, ತಾನೂ ಸಹಿ ಮಾಡಿ ಕಳಿಸಿದ. ದೊಡ್ಡ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು: ತುಂಬಿಸಿ ಮುಂದುವರಿಯಿರಿ.

ಮುಂದಿನ ವಾರ ಮೂರನ್ನೂ ತುಂಬಿದರು. ಒಡೆದ ಬ್ಲಾಕಿನ ಚೂರು, ಹಾರುಬೂದಿ, ಸ್ವಲ್ಪ ಸಿಮೆಂಟು ಕಲಸಿದ ಅಂಬಲಿಯಂಥ ಮಿಶ್ರಣ ಮೂಲೆ ಮೂಲೆಗೂ ಹರಿದು ಹೆಪ್ಪುಗಟ್ಟಿತು. ಮೇಲೆ ಅವೇ ಬ್ಲಾಕುಗಳು, ಸೀಮೆಸುಣ್ಣದ ಅಂಕಿಯ ಪ್ರಕಾರ, ಇದ್ದ ಜಾಗಕ್ಕೇ ಬಂದು ಕೂತವು.

ಯಾರ್ಡಿನ ನಕಾಶೆಯಲ್ಲಿ ಸುನೀತಾ ಮೂರು ಸುತ್ತು ಬರೆಯುವಾಗ ಗೌಡರು ಪಕ್ಕದಲ್ಲಿ ನಿಂತಿದ್ದರು.

“ಈ ನಕಾಶಿ ಯಾರ್ಯಾರು ನೋಡ್ತಾರವಾ?”

“ಇಲ್ಲಿ ಕೆಲಸಕ್ಕ ಬಂದವರೆಲ್ಲ ನೋಡ್ತಾರ್ರಿ.”

ಗೌಡರು ತುಸು ಹೊತ್ತು ಆ ಸುತ್ತುಗಳನ್ನು ನೋಡಿದರು. ಅವರ ಅಪ್ಪ ಕಿವಿಯಲ್ಲಿ ಹೇಳಿದ್ದು ಅಲ್ಲಿ ನೀಲಿ ಮಸಿಯಲ್ಲಿ ಬಿದ್ದಿತ್ತು.

“ಮೂರನೇದರ ಬಾಜೂಕ ಹುಚ್ಚವ್ವನ ಹೆಸರು ಬರಿ,” ಎಂದರು. “ತೋಡಿಸಿದವರು ನಾವು. ಇಳದಾಕಿ ಅಕಿ.”